60 ಸೀಟಿನ ಸಿವಿಲ್ ವಿಭಾಗ: ಗುಣಮಟ್ಟ ಪರಿಶೀಲನೆ ಮಾಡುವ ಬಗೆ

ಎನ್‌ಬಿಎ (ತಾಂತ್ರಿಕ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ತಂಡ ಬರುತ್ತದೆ ಅಂದ ಕೂಡಲೇ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫೈಲು ಕಟ್ಟುವ ಕೆಲಸ ಶುರುವಾಗುತ್ತದೆ. ದೊಡ್ಡ ವಿಭಾಗದಲ್ಲಿ ಈ ಹೊರೆ ಇಪ್ಪತ್ತು ಮೂವತ್ತು ಜನರ ನಡುವೆ ಹಂಚಿಹೋಗುತ್ತದೆ. ಒಂದೇ ಸೆಕ್ಷನ್ ಇರುವ, ಎಂಟು ಹತ್ತು ಅಧ್ಯಾಪಕರ ವಿಭಾಗದಲ್ಲಿ ಎಲ್ಲ ಫೈಲನ್ನೂ ಅದೇ ಮೂವರು ಬರೆಯುತ್ತಾರೆ. ಬರೆದವರು ಅವರೇ ಆದ್ದರಿಂದ ಫೈಲುಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಿರುತ್ತವೆ. ಆದರೆ ತರಗತಿಯಲ್ಲಿ, ಲ್ಯಾಬಿನಲ್ಲಿ ನಿಜಕ್ಕೂ ಏನು ನಡೆಯಿತು ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಹಾಗಾಗಿ ಸಣ್ಣ ವಿಭಾಗದ ಪರಿಶೀಲನೆಯನ್ನು ವಿದ್ಯಾರ್ಥಿಯ ಉತ್ತರಪತ್ರಿಕೆ, ಲ್ಯಾಬ್ ರೆಕಾರ್ಡ್ ಮತ್ತು ಯಂತ್ರದ ಲಾಗ್‌ಬುಕ್‌ನಿಂದ ಶುರುಮಾಡಬೇಕು. ಫೈಲಿನ ಸರದಿ ಕೊನೆಗೆ.

ಇಲ್ಲಿ ಹೇಳಿರುವುದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಂಯೋಜಿತ ಕಾಲೇಜಿನ 60 ಸೀಟಿನ ಸಿವಿಲ್ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗದವರು ಲ್ಯಾಬಿನ ಉದಾಹರಣೆ ಬದಲಾಯಿಸಿಕೊಂಡರೆ ಸಾಕು, ಉಳಿದದ್ದು ಹಾಗೆಯೇ ಹೊಂದುತ್ತದೆ.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಮಾನ್ಯತಾ ಮಂಡಳಿ ನ್ಯಾಕ್ ಇಡೀ ಸಂಸ್ಥೆಯನ್ನು ನೋಡುತ್ತದೆ. ಎನ್‌ಬಿಎ ಒಂದೊಂದು ಕೋರ್ಸನ್ನು, ಅಂದರೆ ಸಿವಿಲ್ ಬಿ.ಇ.ಯನ್ನು ಬೇರೆ, ಮೆಕ್ಯಾನಿಕಲ್ ಬಿ.ಇ.ಯನ್ನು ಬೇರೆ ಎಂದು ನೋಡುತ್ತದೆ. ಭಾರತ 2014ರ ಜೂನ್‌ನಲ್ಲಿ ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ದೇಶವಾಯಿತು. ಆಮೇಲೆ ಪಠ್ಯ ಎಷ್ಟು ಮುಗಿಯಿತು ಎನ್ನುವುದಕ್ಕಿಂತ ವಿದ್ಯಾರ್ಥಿಗೆ ಏನು ಬಂತು ಎನ್ನುವುದಕ್ಕೆ ತೂಕ ಹೆಚ್ಚಿತು. 2015ರ ನಮೂನೆಯಲ್ಲಿ 10 ಮಾನದಂಡಗಳಿಗೆ ಒಟ್ಟು 1000 ಅಂಕ. ಸಂಯೋಜಿತ ಕಾಲೇಜುಗಳ ನಮೂನೆಯಲ್ಲಿ ಅಧ್ಯಾಪಕರಿಗೆ 200, ವಿದ್ಯಾರ್ಥಿಗಳ ಸಾಧನೆಗೆ 150 ಇದ್ದರೆ, ನಿರಂತರ ಸುಧಾರಣೆಗೆ 50 ಮಾತ್ರ. ಈಚಿನ ನಮೂನೆಯಲ್ಲಿ ಪಿಒಗಳ (ಇಡೀ ಕೋರ್ಸಿನಿಂದ ವಿದ್ಯಾರ್ಥಿಗೆ ಬರಬೇಕಾದ ಸಾಮರ್ಥ್ಯಗಳು) ಸಂಖ್ಯೆ 12ರಿಂದ 11ಕ್ಕೆ ಇಳಿದಿದೆ. ಹಳೆಯ ಎಕ್ಸೆಲ್ ಶೀಟನ್ನೇ ನಕಲು ಮಾಡಿಕೊಂಡಿರುವ ವಿಭಾಗಗಳು ಇಲ್ಲೇ ಎಡವುತ್ತವೆ. ನಿಮ್ಮ ಆಂತರಿಕ ಪರಿಶೀಲನೆಗೆ ಅಂಕ ಕೊಡುವ ಅಗತ್ಯವೇ ಇಲ್ಲ. ಅಂಕ ಕೊಟ್ಟರೆ ಮಾತೆಲ್ಲ ಅಂಕದ ಸುತ್ತಲೇ ಸುತ್ತುತ್ತದೆ.

ತಂಡ ಮತ್ತು ಸಮಯ

ಮೂವರು ಸಾಕು. ಅದೇ ಕಾಲೇಜಿನ ಬೇರೆ ವಿಭಾಗದ ಒಬ್ಬರು, ಬೇರೆ ಕಾಲೇಜಿನ ಸಿವಿಲ್ ಅಧ್ಯಾಪಕರೊಬ್ಬರು, ಸೈಟಿನಲ್ಲೋ ಡಿಸೈನ್ ಆಫೀಸಿನಲ್ಲೋ ಕೆಲಸ ಮಾಡುವ ಒಬ್ಬ ಎಂಜಿನಿಯರ್. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ತಂಡದಲ್ಲಿ ಇರಕೂಡದು, ಆದರೆ ಪರಿಶೀಲನೆಯ ಎರಡೂ ದಿನ ಕಾಲೇಜಿನಲ್ಲಿ ಇರಬೇಕು. ಹಳೆಯ ವಿದ್ಯಾರ್ಥಿಯನ್ನು ಕರೆಯುವುದಾದರೆ ಪಾಸಾಗಿ ಮೂರರಿಂದ ಆರು ವರ್ಷ ಆದವರನ್ನು ಕರೆಯಿರಿ. ಅವರಿಗೆ ಕಲಿತದ್ದೂ ನೆನಪಿರುತ್ತದೆ, ಕೆಲಸಕ್ಕೆ ಯಾವುದು ಬಂತು ಎಂಬುದೂ ಗೊತ್ತಿರುತ್ತದೆ.

ಸೆಮಿಸ್ಟರಿನ ಕೊನೆಗೆ, ಎರಡನೇ ಇಂಟರ್ನಲ್ (ಕಾಲೇಜೇ ನಡೆಸುವ ಟೆಸ್ಟ್) ಮುಗಿದು ಥಿಯರಿ ಪರೀಕ್ಷೆ ಶುರುವಾಗುವ ಮುಂಚಿನ ವಾರಗಳು ಒಳ್ಳೆಯ ಸಮಯ. ಲ್ಯಾಬ್ ಇನ್ನೂ ನಡೆಯುತ್ತಿರುತ್ತದೆ, ಬ್ಲೂ ಬುಕ್‌ಗಳು (ಇಂಟರ್ನಲ್ ಉತ್ತರಪತ್ರಿಕೆಗಳು) ತಿದ್ದಿ ಕೈಯಲ್ಲಿರುತ್ತವೆ. ರಜೆಯಲ್ಲಿ ಮಾಡಿದರೆ ಬೀಗ ಹಾಕಿದ ಲ್ಯಾಬನ್ನು ಕಿಟಕಿಯಿಂದ ನೋಡಿದಂತಾಗುತ್ತದೆ.

ಮೂರು ವಾರ ಮೊದಲೇ ಕೇಳಬೇಕಾದ ಕಾಗದಗಳು ಇಷ್ಟೇ: ಈ ಸೆಮಿಸ್ಟರಿನ ವೇಳಾಪಟ್ಟಿ, ಸೇರಿದ ದಿನಾಂಕ ಸಹಿತ ಅಧ್ಯಾಪಕರ ಪಟ್ಟಿ, ಕಳೆದ ಮೂರು ಬ್ಯಾಚಿನ ಪ್ರವೇಶ ಮತ್ತು ಫಲಿತಾಂಶ, ಲ್ಯಾಬುಗಳ ಸ್ಟಾಕ್ ರಿಜಿಸ್ಟರ್, ನೀವೇ ಆರಿಸಿದ ನಾಲ್ಕು ವಿಷಯಗಳ ಕೋರ್ಸ್ ಫೈಲ್. ಪಿಪಿಟಿ ಬೇಡ ಎಂದು ಬರಹದಲ್ಲೇ ತಿಳಿಸಿ. ಅದನ್ನು ತಯಾರಿಸಲು ವಿಭಾಗದ ಒಂದು ವಾರ ಹೋಗುತ್ತದೆ, ಕೇಳಲು ನಿಮ್ಮ ಅರ್ಧ ದಿನ ಹೋಗುತ್ತದೆ.

ಅಂಕಿ ಅಂಶವನ್ನು ನೀವೇ ಲೆಕ್ಕ ಹಾಕಿ

ವಿಭಾಗದವರು ಕೊಟ್ಟ ಅನುಪಾತವನ್ನು ಹಾಗೇ ಬರೆದುಕೊಳ್ಳಬೇಡಿ. 60 ಸೀಟಿನ ವಿಭಾಗದಲ್ಲಿ ಎರಡು, ಮೂರು, ನಾಲ್ಕನೇ ವರ್ಷಕ್ಕೆ 60×3 = 180. ಡಿಪ್ಲೊಮಾದಿಂದ ಡಿಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ನೇರ ಎರಡನೇ ವರ್ಷಕ್ಕೆ (ಲ್ಯಾಟರಲ್ ಎಂಟ್ರಿ) ಪ್ರತಿ ವರ್ಷ 6 ಜನ ಬಂದರೆ ಇನ್ನು 18. ಒಟ್ಟು 198. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಹೇಳುವ 1:20ರ (ಒಬ್ಬ ಅಧ್ಯಾಪಕರಿಗೆ 20 ವಿದ್ಯಾರ್ಥಿಗಳು) ಪ್ರಕಾರ ಬೇಕಾದ ಅಧ್ಯಾಪಕರು 9.9, ಅಂದರೆ 10 ಜನ. ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಸಹಾಯಕ ಪ್ರಾಧ್ಯಾಪಕರ ಅನುಪಾತ 1:2:6 ಇರಬೇಕು. ಆ ಹತ್ತರಲ್ಲಿ ಒಬ್ಬ ಪ್ರಾಧ್ಯಾಪಕರು, ಇಬ್ಬರು ಸಹ ಪ್ರಾಧ್ಯಾಪಕರು ಇಲ್ಲದಿದ್ದರೆ ಎಷ್ಟು ಕೊರತೆ ಎಂದು ಬರೆಯಿರಿ.

ಆಮೇಲೆ ಅಧ್ಯಾಪಕರ ಪಟ್ಟಿಯನ್ನು ಮೂರು ಕಡೆ ತಾಳೆ ನೋಡಿ: ವೇಳಾಪಟ್ಟಿ, ಹಾಜರಾತಿ, ಸಂಬಳದ ರಿಜಿಸ್ಟರ್. ಪಟ್ಟಿಯಲ್ಲಿದ್ದು ವೇಳಾಪಟ್ಟಿಯಲ್ಲಿ ಇಲ್ಲದ ಹೆಸರು ಸಿಕ್ಕರೆ ಕಾರಣ ಕೇಳಲೇಬೇಕು. ಹೆರಿಗೆ ರಜೆಯೋ ಪಿಎಚ್.ಡಿ. ರಜೆಯೋ ಆಗಿದ್ದರೆ ದಾಖಲೆ ಇರುತ್ತದೆ. ಇದರ ತಿರುಗುಮುರುಗೂ ಆಗುವುದುಂಟು: ವೇಳಾಪಟ್ಟಿಯಲ್ಲಿ ವಾರಕ್ಕೆ 22 ಗಂಟೆ ಪಾಠ ಮಾಡುವ ಅತಿಥಿ ಉಪನ್ಯಾಸಕರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಯುಜಿಸಿಯ 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಮೇಲಿನ ಎರಡು ಹುದ್ದೆಗಳಿಗೆ 14 ಗಂಟೆ ಬೋಧನೆ. ಸಣ್ಣ ವಿಭಾಗದಲ್ಲಿ ಕಿರಿಯರ ಮೇಲೆ ಪಾಠ, ಲ್ಯಾಬ್, ಎನ್‌ಎಸ್‌ಎಸ್, ಪ್ಲೇಸ್‌ಮೆಂಟ್, ವೆಬ್‌ಸೈಟ್ ಎಲ್ಲವೂ ಬಿದ್ದಿರುತ್ತದೆ. ಬೋಧನೆಯ ಗುಣಮಟ್ಟ ಕುಸಿದಿರುವ ಕಡೆ ಬಹುಪಾಲು ಮೂಲ ಕಾರಣ ಈ ಹೊರೆಯೇ. ಅಧ್ಯಾಪಕರ ಸಾಮರ್ಥ್ಯವನ್ನು ಅಳೆಯುವ ಮುಂಚೆ ಅವರ ವಾರದ ಗಂಟೆಗಳನ್ನು ಎಣಿಸಿ.

ಫಲಿತಾಂಶದಲ್ಲಿ ಛೇದವನ್ನು ಗಮನಿಸಿ. ಒಂದು ಬ್ಯಾಚಿಗೆ ಮೊದಲ ವರ್ಷ 48, ಲ್ಯಾಟರಲ್ ಎಂಟ್ರಿಯಲ್ಲಿ 6, ಒಟ್ಟು 54 ಜನ ಸೇರಿದರು ಎಂದಿಟ್ಟುಕೊಳ್ಳಿ. ನಾಲ್ಕು ವರ್ಷದಲ್ಲಿ ಪದವಿ ಪಡೆದವರು 38, ಒಂದೂ ಬ್ಯಾಕ್‌ಲಾಗ್ ಇಲ್ಲದೆ ಮುಗಿಸಿದವರು 21. ಆಗ ಎರಡು ಸೂಚ್ಯಂಕಗಳು 0.70 ಮತ್ತು 0.39. ಕೊನೆಯ ಸೆಮಿಸ್ಟರಿನಲ್ಲಿ ಪರೀಕ್ಷೆಗೆ ಕೂತ 40 ಜನರನ್ನೇ ಛೇದವಾಗಿ ಇಟ್ಟು 95 ಶೇಕಡಾ ಎಂದು ಫಲಕದಲ್ಲಿ ಬರೆಸಿರುವುದೂ ಉಂಟು. ನಡುವೆ ಕಳೆದುಹೋದ 14 ಜನರೇ ನಿಮ್ಮ ಪರಿಶೀಲನೆಯ ಮುಖ್ಯ ವಿಷಯ. ಬ್ರಾಂಚ್ ಬದಲಿಸಿ ಕಂಪ್ಯೂಟರ್ ಸೈನ್ಸ್‌ಗೆ ಹೋದವರೆಷ್ಟು, ಗಣಿತದಲ್ಲಿ ಸಿಕ್ಕಿಹಾಕಿಕೊಂಡವರೆಷ್ಟು, ಮನೆಯ ತೊಂದರೆಯಿಂದ ಬಿಟ್ಟವರೆಷ್ಟು ಎಂದು ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಹಿಡಿದು ಒಬ್ಬೊಬ್ಬರನ್ನೇ ವಿಚಾರಿಸಿ. ಹದಿನಾಲ್ಕು ಜನರ ಬಗ್ಗೆ ಇದು ಒಂದು ಮಧ್ಯಾಹ್ನದ ಕೆಲಸ. ದೊಡ್ಡ ವಿಭಾಗಕ್ಕೆ ಇಲ್ಲದ ಅನುಕೂಲ ಇದು, ಬಳಸಿಕೊಳ್ಳಿ.

ಸಂಖ್ಯೆ ಚಿಕ್ಕದಾದಾಗ ಶೇಕಡಾವಾರು ಲೆಕ್ಕ ಮೋಸ ಮಾಡುತ್ತದೆ ಎಂಬುದೂ ನೆನಪಿರಲಿ. 24 ಜನರ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎಂದರೆ 4ಕ್ಕಿಂತ ಹೆಚ್ಚು ಶೇಕಡಾ. 60 ಶೇಕಡಾ ದಾಟಿದರೆ ಮಟ್ಟ 1, 70 ದಾಟಿದರೆ ಮಟ್ಟ 2 ಎಂದಿಟ್ಟುಕೊಳ್ಳಿ. 60 ದಾಟಲು 15 ಜನ ಬೇಕು, 70 ದಾಟಲು 17 ಜನ. ಇಬ್ಬರಿಗೆ ಆ ದಿನ ಜ್ವರ ಬಂದರೆ ವಿಭಾಗದ ‘ಮಟ್ಟ’ 2ರಿಂದ 1ಕ್ಕೆ ಇಳಿಯುತ್ತದೆ. ಒಂದು ವರ್ಷದ ಏರಿಳಿತದ ಮೇಲೆ ತೀರ್ಮಾನ ಬರೆಯಬೇಡಿ. ಮೂರು ಬ್ಯಾಚನ್ನು ಕೂಡಿಸಿ ನೋಡಿ, ಜೊತೆಗೆ ಶೇಕಡಾದ ಪಕ್ಕ ತಲೆ ಎಣಿಕೆಯನ್ನೂ ಬರೆಯಿರಿ.

ಒಂದು ವಿಷಯವನ್ನು ಬೆನ್ನುಹತ್ತಿ

ಆರಿಸಿಕೊಳ್ಳುವ ನಾಲ್ಕು ವಿಷಯಗಳಲ್ಲಿ ಒಂದು ಲೆಕ್ಕ ಹೆಚ್ಚಿರುವುದು, ಒಂದು ಥಿಯರಿ ಲ್ಯಾಬ್ ಕೂಡಿರುವುದು, ಒಂದು ಎಲೆಕ್ಟಿವ್, ಇನ್ನೊಂದು ಕೊನೆಯ ವರ್ಷದ ಪ್ರಾಜೆಕ್ಟ್ ಇರಲಿ. ಪ್ರತಿಯೊಂದನ್ನೂ ಸಿಲಬಸ್‌ನಿಂದ ಹಿಡಿದು ವಿದ್ಯಾರ್ಥಿಯ ಕೈಬರಹದವರೆಗೆ ಹಿಂಬಾಲಿಸಿ.

ಪ್ರಶ್ನೆಪತ್ರಿಕೆಯಿಂದ ಶುರುಮಾಡಿ. ಈಗಿನ ಪತ್ರಿಕೆಗಳಲ್ಲಿ ಪ್ರತಿ ಪ್ರಶ್ನೆಯ ಮುಂದೆ ಅಂಕ, ಬ್ಲೂಮ್ ಮಟ್ಟ (ನೆನಪಿನಿಂದ ವಿಶ್ಲೇಷಣೆಯವರೆಗೆ ಯೋಚನೆಯ ಹಂತ), ಸಿಒ (ಆ ವಿಷಯದಿಂದ ಕಲಿಯಬೇಕಾದದ್ದು) ಸಂಖ್ಯೆ ಇರುತ್ತವೆ. ‘ವಿವರಿಸಿ’ ಎಂಬ ಪ್ರಶ್ನೆಗೆ ಎಲ್4 (ವಿಶ್ಲೇಷಣೆ) ಎಂದು ಹಾಕಿದ್ದರೆ ಮಟ್ಟವನ್ನು ಪ್ರಶ್ನೆ ನೋಡಿ ಹಾಕಿಲ್ಲ, ಕೋಷ್ಟಕ ತುಂಬಲು ಹಾಕಿದ್ದಾರೆ ಎಂದರ್ಥ. ಹಿಂದಿನ ಎರಡು ವರ್ಷದ ಇಂಟರ್ನಲ್ ಪತ್ರಿಕೆಗಳನ್ನು ಪಕ್ಕದಲ್ಲಿಟ್ಟು ಎಷ್ಟು ಪ್ರಶ್ನೆ ಅಕ್ಷರಶಃ ಮರುಕಳಿಸಿವೆ ಎಣಿಸಿ. ಲೆಕ್ಕದಲ್ಲಿ ಅಂಕಿ ಮಾತ್ರ ಬದಲಾಗಿದ್ದರೂ ಅದು ಅದೇ ಪ್ರಶ್ನೆ.

ನಂತರ ಬ್ಲೂ ಬುಕ್. ಹೆಚ್ಚು ಅಂಕದ 5, ಮಧ್ಯದ 5, ಕಡಿಮೆಯ 5, ಒಟ್ಟು 15 ತೆಗೆದುಕೊಂಡು ಬೇರೆ ಕಾಲೇಜಿನಿಂದ ಬಂದ ಸದಸ್ಯರು ಹಳೆಯ ಅಂಕ ನೋಡದೆ ಮತ್ತೆ ತಿದ್ದಬೇಕು. ಒಂದೂವರೆ ಗಂಟೆಯ ಕೆಲಸ ಇದು, ಎರಡು ದಿನದ ಪರಿಶೀಲನೆಯಲ್ಲಿ ಇಷ್ಟು ಫಲ ಕೊಡುವ ಕೆಲಸ ಮತ್ತೊಂದಿಲ್ಲ. 25ಕ್ಕೆ ಎರಡು ಮೂರು ಅಂಕದ ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚಿದ್ದು, ಎಲ್ಲವೂ ಒಂದೇ ದಿಕ್ಕಿಗೆ ವಾಲಿದ್ದರೆ ಸ್ಕೀಮ್ ಆಫ್ ವ್ಯಾಲ್ಯುಯೇಷನ್ (ಯಾವ ಹಂತಕ್ಕೆ ಎಷ್ಟು ಅಂಕ ಎಂಬ ಪಟ್ಟಿ) ಇತ್ತೇ, ಇದ್ದರೆ ತಿದ್ದುವ ಮುಂಚೆ ಬರೆದದ್ದೋ ಆಮೇಲೋ ಎಂದು ಕೇಳಿ. ಅಂಕದ ಪಕ್ಕ ಒಂದು ಮಾತಾದರೂ ಬರೆದಿದೆಯೇ ನೋಡಿ. ‘ಮೊಮೆಂಟಿನ ಚಿಹ್ನೆ ತಪ್ಪು’ ಎಂಬ ಮೂರು ಪದದಿಂದ ವಿದ್ಯಾರ್ಥಿ ಕಲಿಯುತ್ತಾನೆ, ಬರೀ ಅಡ್ಡಗೆರೆಯಿಂದ ಕಲಿಯುವುದಿಲ್ಲ.

ಇನ್ನು ಇಂಟರ್ನಲ್ ಮತ್ತು ವಿಶ್ವವಿದ್ಯಾಲಯದ ಪರೀಕ್ಷೆಯ ಅಂತರ. ವಿಟಿಯುನ 2022ರ ಸ್ಕೀಮಿನಲ್ಲಿ ಸಿಐಇ (ಕಾಲೇಜು ಕೊಡುವ ಇಂಟರ್ನಲ್ ಅಂಕ) 50, ಎಸ್‌ಇಇ (ಸೆಮಿಸ್ಟರ್ ಕೊನೆಯ ವಿಶ್ವವಿದ್ಯಾಲಯದ ಪರೀಕ್ಷೆ) 50. ಪಾಸಾಗಲು ಸಿಐಇಯಲ್ಲಿ 20, ಎಸ್‌ಇಇಯಲ್ಲಿ 18, ಎರಡೂ ಸೇರಿ 40 ಬೇಕು. ಒಂದು ವಿಷಯದಲ್ಲಿ ಸಿಐಇ ಸರಾಸರಿ 45, ಎಸ್‌ಇಇ ಸರಾಸರಿ 22 ಇದ್ದರೆ ಇಂಟರ್ನಲ್ ಅಂಕಕ್ಕೆ ಅರ್ಥ ಉಳಿದಿಲ್ಲ. ಈ ಉಬ್ಬರ ಸಾಮಾನ್ಯವಾಗಿ ಟೆಸ್ಟಿನ 25ರಲ್ಲಿ ಇರುವುದಿಲ್ಲ, ಅಸೈನ್‌ಮೆಂಟಿನ 25ರಲ್ಲಿ ಇರುತ್ತದೆ: ಇಡೀ ತರಗತಿಗೆ 23ರಿಂದ 25. ಅಸೈನ್‌ಮೆಂಟುಗಳ ಕಟ್ಟನ್ನೇ ತರಿಸಿ, ಯುಎಸ್‌ಎನ್ ಕ್ರಮದಲ್ಲಿ ಅಕ್ಕಪಕ್ಕದ ನಾಲ್ಕನ್ನು ತೆರೆದು ಓದಿ. ನಾಲ್ಕರಲ್ಲೂ ಒಂದೇ ತಪ್ಪು ಒಂದೇ ಸಾಲಿನಲ್ಲಿದ್ದರೆ ಬೇರೆ ಪುರಾವೆ ಬೇಡ. ಪರಿಹಾರವೂ ಕಷ್ಟದ್ದಲ್ಲ. ಯುಎಸ್‌ಎನ್‌ನ ಕೊನೆಯ ಎರಡು ಅಂಕಿಯನ್ನು ಭಾರಕ್ಕೋ ಸ್ಪ್ಯಾನಿಗೋ ಸೇರಿಸಿ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬರುವಂತೆ ಮಾಡಬಹುದು.

ಲ್ಯಾಬಿನಲ್ಲಿ ಒಂದು ಪ್ರಯೋಗ ಮಾಡಿಸಿ ನೋಡಿ

ಸ್ಟಾಕ್ ರಿಜಿಸ್ಟರಿನಲ್ಲಿ ಯಂತ್ರ ಇದೆ ಎಂಬುದು ಆರಂಭ ಮಾತ್ರ. ಕಾಂಕ್ರೀಟ್ ಲ್ಯಾಬಿಗೆ ಹೋಗಿ ಮೂರನೇ ವರ್ಷದ ಮೂವರನ್ನು ಕರೆದು ಒಂದು ಕ್ಯೂಬನ್ನು (ಕಾಂಕ್ರೀಟಿನ ಘನಾಕಾರದ ಮಾದರಿ) ಯಂತ್ರದಲ್ಲಿ ಒತ್ತಿ ಒಡೆಯಲು ಹೇಳಿ. ನೀವು ಪಕ್ಕದಲ್ಲಿ ನಿಂತು ಗಡಿಯಾರ ನೋಡಿ.

150 ಮಿ.ಮೀ. ಕ್ಯೂಬಿನ ಮುಖದ ವಿಸ್ತೀರ್ಣ 22,500 ಚದರ ಮಿ.ಮೀ. ಭಾರತೀಯ ಮಾನಕ ಐಎಸ್ 516ರ ಪ್ರಕಾರ ಭಾರ ಏರಿಸುವ ವೇಗ ನಿಮಿಷಕ್ಕೆ ಚದರ ಮಿ.ಮೀ.ಗೆ 14 ನ್ಯೂಟನ್, ಅಂದರೆ ನಿಮಿಷಕ್ಕೆ 315 ಕಿಲೋನ್ಯೂಟನ್. ಎಂ20 ಮಿಶ್ರಣದ ಕ್ಯೂಬು 500ರಿಂದ 600 ಕಿಲೋನ್ಯೂಟನ್‌ಗೆ ಒಡೆಯುವುದಾದರೆ ಸುಮಾರು ಒಂದೂವರೆಯಿಂದ ಎರಡು ನಿಮಿಷ ಹಿಡಿಯಬೇಕು. ಇಪ್ಪತ್ತೇ ಸೆಕೆಂಡಿನಲ್ಲಿ ಒಡೆದರೆ ವೇಗ ವಿಪರೀತವಾಗಿದೆ, ಬರುವ ಬಲ ನಿಜಕ್ಕಿಂತ ಹೆಚ್ಚು ತೋರುತ್ತದೆ. ವಾಲ್ವನ್ನು ಯಾಕೆ ನಿಧಾನ ತಿರುಗಿಸಬೇಕು ಎಂದು ವಿದ್ಯಾರ್ಥಿಯನ್ನು ಕೇಳಿ. ಕ್ಯೂಬನ್ನು ಎರಕ ಹೊಯ್ದಾಗ ಮೇಲಿದ್ದ ಒರಟು ಮುಖವನ್ನು ಪ್ಲೇಟಿನ ಕೆಳಗಿಡದೆ ಪಕ್ಕಕ್ಕೆ ತಿರುಗಿಸಿದರೆ ಅವರಿಗೆ ಯಾರೋ ಕೈಹಿಡಿದು ಕಲಿಸಿದ್ದಾರೆ. ಕ್ಯೂರಿಂಗ್ ತೊಟ್ಟಿಯಲ್ಲಿ ಥರ್ಮಾಮೀಟರ್ ಇದೆಯೇ? ನೀರು 27 ಡಿಗ್ರಿಗೆ ಎರಡು ಡಿಗ್ರಿ ಹೆಚ್ಚು ಕಡಿಮೆ ಇರಬೇಕು. ಬೇಸಗೆಯಲ್ಲಿ ಕಲಬುರಗಿ, ರಾಯಚೂರು ಕಡೆ ತೊಟ್ಟಿ ನೆರಳಲ್ಲಿ ಇಲ್ಲದಿದ್ದರೆ ಇದು ಸಾಧ್ಯವೇ ಇಲ್ಲ.

ಮುಗಿದ ಮೇಲೆ ಕಳೆದ ಮೂರು ವರ್ಷದ ರೆಕಾರ್ಡ್ ತರಿಸಿ, ಇದೇ ಪ್ರಯೋಗದ ಪುಟ ತೆರೆಯಿರಿ. ನಿಜವಾದ ಕಾಂಕ್ರೀಟು ಒಂದೇ ಅಂಕಿ ಕೊಡುವುದಿಲ್ಲ. ಒಂದೇ ಮಿಶ್ರಣದ ಮೂರು ಕ್ಯೂಬುಗಳು ಕೂಡ ಬೇರೆಬೇರೆ ಒಡೆಯುತ್ತವೆ, ಅದಕ್ಕೇ ಐಎಸ್ 456 ಸರಾಸರಿಯಿಂದ 15 ಶೇಕಡಾದವರೆಗಿನ ವ್ಯತ್ಯಾಸವನ್ನು ಒಪ್ಪುತ್ತದೆ. ಮೂರು ವರ್ಷವೂ ಅದೇ ರೀಡಿಂಗ್, ದಶಾಂಶದವರೆಗೆ ಅದೇ ಆಗಿದ್ದರೆ ಪ್ರಯೋಗ ನಡೆದಿಲ್ಲ, ಹಳೆಯ ರೆಕಾರ್ಡ್ ಕೈಯಿಂದ ಕೈಗೆ ದಾಟಿದೆ. ಇದಕ್ಕೆ ವಿದ್ಯಾರ್ಥಿಗಳನ್ನು ಮಾತ್ರ ದೂರಬೇಡಿ. ಸಿಮೆಂಟ್ ಸಮಯಕ್ಕೆ ಬಂದಿತ್ತೇ, ಯಂತ್ರದ ಆಯಿಲ್ ಸೀಲ್ ಹೋಗಿ ಎಷ್ಟು ತಿಂಗಳಾಯಿತು, ಇಂಡೆಂಟ್ (ಸಾಮಾನಿನ ಬೇಡಿಕೆ ಪತ್ರ) ಕಳಿಸಿದ ದಿನಾಂಕ ಯಾವುದು, ಮಂಜೂರಾದ ದಿನಾಂಕ ಯಾವುದು ನೋಡಿ. ಎರಡು ದಿನಾಂಕಗಳ ನಡುವಿನ ಅಂತರ ಆಡಳಿತ ಮಂಡಳಿಯ ಮುಂದೆ ಇಡಬೇಕಾದ ಸಾಕ್ಷ್ಯ.

ಯಂತ್ರದ ಮೇಲಿನ ಕ್ಯಾಲಿಬ್ರೇಶನ್ ಚೀಟಿಯ ದಿನಾಂಕ ಓದಿ, ಸರ್ಟಿಫಿಕೇಟಿನ ಕ್ರಮಸಂಖ್ಯೆಯನ್ನು ಯಂತ್ರದ ಕ್ರಮಸಂಖ್ಯೆಗೆ ತಾಳೆ ಮಾಡಿ. ಸರ್ವೆ ಸಾಮಾನಿಗೆ ಇಷ್ಟೂ ಬೇಡ: ಆಟೋ ಲೆವೆಲ್ ತೆಗೆದು ಮೈದಾನದಲ್ಲಿ ಟೂ ಪೆಗ್ ಟೆಸ್ಟ್ (ಲೆವೆಲಿನ ದೃಷ್ಟಿರೇಖೆ ಸಮತಟ್ಟಾಗಿದೆಯೇ ಎಂಬ ಪರೀಕ್ಷೆ) ಮಾಡಿಸಿದರೆ ಅರ್ಧ ಗಂಟೆಯಲ್ಲಿ ಉಪಕರಣದ ಸ್ಥಿತಿಯೂ ವಿದ್ಯಾರ್ಥಿಯ ಸ್ಥಿತಿಯೂ ತಿಳಿಯುತ್ತದೆ.

ಸಿಒ, ಪಿಒ ಲೆಕ್ಕ

ಇಲ್ಲಿ ಗಂಟೆಗಟ್ಟಲೆ ಕೂರಬೇಡಿ. ಒಂದು ವಿಷಯದ ಒಂದು ಸಿಒವನ್ನು ಕೈಯಲ್ಲೇ ಲೆಕ್ಕ ಹಾಕಿ ವಿಭಾಗದ ಶೀಟಿಗೆ ತಾಳೆ ನೋಡಿದರೆ ಸಾಕು. 58 ಜನರ ತರಗತಿಯಲ್ಲಿ ಆ ಸಿಒದ ಇಂಟರ್ನಲ್ ಪ್ರಶ್ನೆಗಳಲ್ಲಿ ಗುರಿ ದಾಟಿದವರು 44, ಅಂದರೆ 75.9 ಶೇಕಡಾ. ವಿಭಾಗ 60, 70, 80ಕ್ಕೆ ಕ್ರಮವಾಗಿ 1, 2, 3 ಎಂದು ಮಟ್ಟ ಇಟ್ಟುಕೊಂಡಿದ್ದರೆ ಇದು ಮಟ್ಟ 2. ಎಸ್‌ಇಇಯಲ್ಲಿ ಗುರಿ ದಾಟಿದವರು 36, ಅಂದರೆ 62.1 ಶೇಕಡಾ, ಮಟ್ಟ 1. ಎರಡಕ್ಕೂ ಸಮ ತೂಕ ಕೊಟ್ಟರೆ 1.5. ಗುರಿ 2 ಇದ್ದರೆ ಅರ್ಧ ಮಟ್ಟ ಕೊರತೆ.

ಸಂಯೋಜಿತ ಕಾಲೇಜಿಗೆ ಎಸ್‌ಇಇಯ ಪ್ರಶ್ನೆವಾರು ಅಂಕ ಸಿಗುವುದಿಲ್ಲ, ಒಟ್ಟು ಅಂಕ ಮಾತ್ರ ಸಿಗುತ್ತದೆ. ಹಾಗಾಗಿ ಎಸ್‌ಇಇ ಮಟ್ಟ ಎಲ್ಲ ಸಿಒಗಳಿಗೂ ಒಂದೇ ಆಗಿರುತ್ತದೆ. ಯಾವ ಸಿಒ ದುರ್ಬಲ ಎಂದು ತೋರಿಸುವುದು ಇಂಟರ್ನಲ್ ಒಂದೇ. ಅದರ ಅಂಕ ಉಬ್ಬಿದ್ದರೆ ಕೆಳಗಿನ ಲೆಕ್ಕವೆಲ್ಲ ವ್ಯರ್ಥ, ಬ್ಲೂ ಬುಕ್ಕಿಗೆ ಅಷ್ಟು ಹೊತ್ತು ಕೊಡಬೇಕೆಂದದ್ದು ಅದಕ್ಕೇ. ಸ್ವಂತ ಪರೀಕ್ಷೆ ನಡೆಸುವ ಸ್ವಾಯತ್ತ ಕಾಲೇಜು, ವಿಶ್ವವಿದ್ಯಾಲಯದ ವಿಭಾಗಗಳಿಗೆ ಈ ನೆಪ ಇಲ್ಲ.

ಯಾವ ಸಿಒ ಯಾವ ಪಿಒಗೆ ಎಷ್ಟು ಸಂಬಂಧಿಸಿದೆ ಎಂದು 1ರಿಂದ 3ರವರೆಗೆ ಅಂಕಿ ಹಾಕುವ ಸಿಒ-ಪಿಒ ಕೋಷ್ಟಕದಲ್ಲಿ ಒಂದನ್ನು ಮಾತ್ರ ನೋಡಿ: ಎಲ್ಲ ಖಾನೆಯಲ್ಲೂ 3 ತುಂಬಿದ್ದಾರೆಯೇ? ತುಂಬಿದ್ದರೆ ತೂಕದ ಸರಾಸರಿ ತೆಗೆದಾಗ ಎಲ್ಲ ಪಿಒಗೂ ಒಂದೇ ಅಂಕಿ ಬರುತ್ತದೆ, ಕೋಷ್ಟಕ ಏನನ್ನೂ ಹೇಳುವುದಿಲ್ಲ. ಮಣ್ಣಿನ ಮೆಕ್ಯಾನಿಕ್ಸ್ ವಿಷಯ ವೃತ್ತಿ ನೀತಿಗೆ 3ರಷ್ಟು ಸಂಬಂಧಿಸಿದೆ ಎಂದು ಬರೆದಿದ್ದರೆ ಆ ಸಿಒಗೆ ಕೇಳಿದ ಪ್ರಶ್ನೆ ಯಾವುದು ತೋರಿಸಿ ಎನ್ನಿ. ತೋರಿಸಲಾಗದ ಖಾನೆ ಖಾಲಿ ಇರಲಿ.

ಮಾತುಕತೆ

ವಿದ್ಯಾರ್ಥಿಗಳನ್ನು ವಿಭಾಗದವರು ಆರಿಸಬಾರದು. ಪಟ್ಟಿಯಲ್ಲಿ ಪ್ರತಿ ಏಳನೆಯ ಯುಎಸ್‌ಎನ್ ಎಂದರೆ 58 ಜನರಲ್ಲಿ 8 ಜನ ಸಿಗುತ್ತಾರೆ. ಅಧ್ಯಾಪಕರಿಲ್ಲದ ಕೋಣೆಯಲ್ಲಿ, ಕನ್ನಡದಲ್ಲೇ ಮಾತಾಡಿ. ಇಂಗ್ಲಿಷಿನಲ್ಲಿ ಕೇಳಿದರೆ ‘ಎಲ್ಲ ಚೆನ್ನಾಗಿದೆ ಸರ್’ ಎಂಬಲ್ಲಿಗೆ ಮುಗಿಯುತ್ತದೆ. ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ: ಹೋದ ಟೆಸ್ಟಿನ ಬ್ಲೂ ಬುಕ್ ಎಷ್ಟು ದಿನಕ್ಕೆ ಕೈಗೆ ಬಂತು? ಬಲ ಪರೀಕ್ಷಿಸುವ ಯುಟಿಎಂ ಯಂತ್ರದ ಹ್ಯಾಂಡಲ್ ನೀವು ಮುಟ್ಟಿದ್ದೀರಾ, ಬರೀ ನೋಡಿದ್ದೀರಾ? ಅರ್ಥವಾಗದಿದ್ದಾಗ ಯಾರ ಬಳಿ ಹೋಗುತ್ತೀರಿ?

ಲ್ಯಾಬ್ ಇನ್‌ಸ್ಟ್ರಕ್ಟರ್ ಜೊತೆ ಅರ್ಧ ಗಂಟೆ ಬೇರೆಯಾಗಿ ಕೂರಿ. ಯಾವ ಯಂತ್ರ ಯಾವಾಗ ನಿಂತಿತು, ಯಾವ ಬ್ಯಾಚು ಕೆಲಸ ಮಾಡುತ್ತದೆ ಎಂಬುದು ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ. ಎನ್‌ಬಿಎಗೆ ಸಿದ್ಧಪಡಿಸುವ ಸಭೆಗಳಿಗೆ ಅವರನ್ನು ಕರೆಯುವುದೇ ಅಪರೂಪ, ಇದು ಸರಿಯಲ್ಲ.

ಪ್ರಾಜೆಕ್ಟ್ ತಂಡವನ್ನು ಕರೆದರೆ ವರದಿ ಮುಚ್ಚಿಸಿ, ಒಂದು ಅಂಶ ಬದಲಿಸಿ ಕೇಳಿ. ಹಾರುಬೂದಿಯನ್ನು 20 ಶೇಕಡಾದಿಂದ 40ಕ್ಕೆ ಏರಿಸಿದರೆ 7 ದಿನದ ಬಲ ಏನಾದೀತು? ತಾವೇ ಮಾಡಿದವರು ಮೊದಲ ದಿನಗಳಲ್ಲಿ ಬಲ ಕಡಿಮೆ ಬರುತ್ತದೆ ಎಂದು ಹೇಳಿ ಕಾರಣ ಹುಡುಕಲು ತೊಡಗುತ್ತಾರೆ. ಅಂಗಡಿಯಲ್ಲಿ ಕೊಂಡು ತಂದ ಪ್ರಾಜೆಕ್ಟಿನವರು ವರದಿಯ ಪುಟ ತಿರುವಲು ಕೈಚಾಚುತ್ತಾರೆ.

ಎಚ್‌ಒಡಿಯೊಂದಿಗೆ ಮಾತು ಕೊನೆಗೆ. ಕಂಡದ್ದನ್ನೆಲ್ಲ ಮೊದಲು ಅವರಿಗೆ ಹೇಳಿ, ತಪ್ಪಾಗಿ ಅರ್ಥಮಾಡಿಕೊಂಡದ್ದೇನಾದರೂ ಇದ್ದರೆ ಅಲ್ಲೇ ತಿದ್ದಿಕೊಳ್ಳಿ. ಪ್ರಾಂಶುಪಾಲರ ಕೋಣೆಯಲ್ಲಿ ಅವರಿಗೆ ಹೊಸದಾಗಿ ತಿಳಿಯುವ ವಿಷಯ ಒಂದೂ ಇರಬಾರದು.

ವರದಿ

ಎಂಟು ಪುಟ ಮೀರಬಾರದು, ಹತ್ತು ದಿನದೊಳಗೆ ತಲುಪಬೇಕು. ಪ್ರತಿ ಅಂಶಕ್ಕೂ ಕಂಡದ್ದೇನು, ಪುರಾವೆ ಯಾವುದು, ಕಾರಣ ಏನಿರಬಹುದು, ಮಾಡಬೇಕಾದ್ದೇನು, ಯಾರು, ಯಾವ ದಿನಾಂಕದೊಳಗೆ, ಎಷ್ಟು ಹಣ ಎಂದು ಬರೆಯಿರಿ. ‘ಬೋಧನೆ ಸುಧಾರಿಸಬೇಕು’ ಎಂಬಂಥ ವಾಕ್ಯ ಬೇಡ. ‘ಸ್ಟ್ರಕ್ಚರಲ್ ಅನಾಲಿಸಿಸ್‌ನ ಮೂರನೇ ಮಾಡ್ಯೂಲಿಗೆ ಮುಂದಿನ ಸೆಮಿಸ್ಟರಿನಿಂದ ವಾರಕ್ಕೊಂದು ಟ್ಯುಟೋರಿಯಲ್, ಹೊಣೆ ವಿಷಯ ಬೋಧಕರು’ ಎಂದರೆ ಆಮೇಲೆ ಹೋಗಿ ನೋಡಬಹುದು.

ಹತ್ತು ಜನರ ವಿಭಾಗಕ್ಕೆ ಮೂವತ್ತು ಶಿಫಾರಸು ಕೊಟ್ಟರೆ ಒಂದೂ ಆಗುವುದಿಲ್ಲ. ಏಳಕ್ಕೆ ನಿಲ್ಲಿಸಿ, ಅವನ್ನು ಮೂರು ಗುಂಪು ಮಾಡಿ: ವಿಭಾಗವೇ ಮಾಡಬಲ್ಲದ್ದು, ಆಡಳಿತ ಮಂಡಳಿ ಹಣವೋ ಹುದ್ದೆಯೋ ಕೊಡಬೇಕಾದದ್ದು, ವಿಶ್ವವಿದ್ಯಾಲಯಕ್ಕೆ ಬರೆಯಬೇಕಾದದ್ದು. ಎರಡನೇ ಗುಂಪಿನದ್ದನ್ನು ಅಧ್ಯಾಪಕರ ತಲೆಗೆ ಕಟ್ಟಬೇಡಿ. ಎರಡು ಹುದ್ದೆ ಖಾಲಿ ಇರುವ ಕಡೆ ‘ಹೆಚ್ಚು ಸಂಶೋಧನಾ ಪ್ರಬಂಧ ಬರೆಯಿರಿ’ ಎಂದು ಸಲಹೆ ಕೊಡುವುದು ಅನ್ಯಾಯ.

ಸಣ್ಣ ವಿಭಾಗದಲ್ಲಿ ಒಬ್ಬರು ಬಿಟ್ಟುಹೋದರೆ ಅವರೊಂದಿಗೆ ಎಕ್ಸೆಲ್ ಶೀಟು, ಸಾಫ್ಟ್‌ವೇರಿನ ಪಾಸ್‌ವರ್ಡ್, ಯಂತ್ರ ರಿಪೇರಿಯವರ ನಂಬರು ಎಲ್ಲ ಹೋಗುತ್ತದೆ. ಆದ್ದರಿಂದ ಪ್ರತಿ ವಿಷಯಕ್ಕೂ ಪ್ರತಿ ಲ್ಯಾಬಿಗೂ ಎರಡನೆಯ ಒಬ್ಬರ ಹೆಸರು ಬರೆಸಿ, ಕಡತಗಳನ್ನು ವಿಭಾಗದ ಖಾತೆಯಲ್ಲಿ ಇಡಿಸಿ. ಇದಕ್ಕೆ ಹಣ ಬೇಡ.

ಆರು ತಿಂಗಳಿಗೆ ತಂಡದ ಒಬ್ಬರು ಅರ್ಧ ದಿನ ಮತ್ತೆ ಹೋಗಬೇಕು. ಆಗ ಹೊಸ ಫೈಲು ಕೇಳುವುದು ಬೇಡ. ನೋಡಬೇಕಾದದ್ದು ಶಿಫಾರಸಿನ ಅದೇ ಏಳು ಸಾಲು, ಹೊಸ ಸೆಮಿಸ್ಟರಿನ 15 ಬ್ಲೂ ಬುಕ್, ಕಾಂಕ್ರೀಟ್ ಲ್ಯಾಬಿನ ಈ ವರ್ಷದ ರೀಡಿಂಗ್ ಮತ್ತು ಇಂಡೆಂಟಿನ ಎರಡು ದಿನಾಂಕ. ಆಗದೆ ಉಳಿದ ಸಾಲಿನ ಮುಂದೆ ಕಾರಣ ಬರೆದು, ಪ್ರಾಂಶುಪಾಲರ ಸಹಿ ಹಾಕಿಸಿ, ಹೊಸ ದಿನಾಂಕ ಹಾಕಿ.